ನಾಲ್ಕು ಸೇರಿನ ಜಗಳ

ನನ್ನ ಮೊಮ್ಮಗಳು ಸಂಪಾದಕಿಯಾದಳು! ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ಹುಡುಗರೇ ಕೂಡಿ ನಡೆಸುವ ವಿಜ್ಞಾನದ ಮಾಸಪತ್ರಿಕೆ. ಗದಗದಲ್ಲಿ ಬರೆದು, ಬೆಟಗೇರಿಯಲ್ಲಿ ಅಚ್ಚು ಹಾಕಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆ ಟಪಾಲಿನಲ್ಲಿ ಕಳಿಸುವ ಪತ್ರಿಕೆ. ಅದರ ಮುಂದಿನ ಸಂಚಿಕೆ ತೆಗೆಯುವವಳು ನನ್ನ ಮಗನ ಮಗಳು. ನಿನ್ನೆ ರವಿವಾರ ನಮ್ಮ ಪಡಸಾಲೆಯಲ್ಲೇ, ನಾಲ್ಕು ಊರಿನ ಜನ ಕಣ್ಣು ಬಿಟ್ಟು ನೋಡುತ್ತಿರುವಾಗ, ಹುಡುಗರು ಕೈ ಎತ್ತಿ ಅವಳನ್ನು ಆರಿಸಿದರು. ನಾನೂ ಎತ್ತಿದೆ. ಎರಡೂ ಕೈ ಎತ್ತಿದೆ.

"ಆಯಿ, ಒಂದ ಕೈ ಎತ್ತಬೇಕ್ರಿ" ಎಂದು ಒಬ್ಬ ಹುಡುಗ ನಕ್ಕ.

"ಇನ್ನೊಂದು ನಮ್ಮ ಮನಿಯವ್ರದು. ಅವ್ರು ಇದ್ದಿದ್ರ ಎತ್ತತಿದ್ರು" ಎಂದೆ.

ಈ ಸುದ್ದಿ ಕೇಳಿ ಹೊಟ್ಟೆ ಉರಿದುಕೊಳ್ಳುವವರು ಈ ಓಣಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಉರಿದುಕೊಳ್ಳಲಿ. ಅವರಿಗೆಲ್ಲ ಮುಂದಾಳು ನನ್ನ ಮೈದುನ. ನನ್ನ ಗಂಡ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆಯನ್ನು ಅವನು ಹೆಗಲಿಗೆ ಹಾಕಿಕೊಂಡ. ಯಾರೂ ಹಾಕಿರಲಿಲ್ಲ, ಅವನೇ ಹಾಕಿಕೊಂಡ. ಪೇಟೆಯಲ್ಲಿ ಕಾಳಿನ ಅಂಗಡಿ ಇದೆ, ಹೆಗಲ ಮೇಲೆ ಜರಿ ಶಲ್ಯ ಇದೆ, ಬಾಯಲ್ಲಿ ಎಲೆ ಅಡಿಕೆ ಇದೆ. ನನ್ನ ಮಗ ಹತ್ತಿ ಗಿರಣಿಯಲ್ಲಿ ಕಾರಕೂನ. ಚಿಕ್ಕಪ್ಪನ ಎದುರಿಗೆ ಅವನಿಗೆ ಕೆಮ್ಮೂ ಬರುವುದಿಲ್ಲ. ಆದ್ದರಿಂದ ಈ ಮನೆಯಲ್ಲಿ ಜಗಳ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಅದನ್ನು ಚೆನ್ನಾಗಿ ಮಾಡುತ್ತೇನೆ.

ನಾನು ಕಲಿತದ್ದು ಮೂರನೇ ಇಯತ್ತೆ. ಇದನ್ನು ಬರೆದು ಮೊಮ್ಮಗಳ ಕೈಗೆ ಕೊಡುತ್ತೇನೆ, ಅಕ್ಷರ ತಪ್ಪಿದ್ದರೆ ತಿದ್ದುತ್ತಾಳೆ. ಬೈಗುಳ ಮಾತ್ರ ತಿದ್ದಬೇಡ ಎಂದು ಈಗಲೇ ಹೇಳಿಟ್ಟಿದ್ದೇನೆ.

ಅವಳು ಮ್ಯಾಟ್ರಿಕ್‌ಗೆ ಓದುತ್ತಿದ್ದಾಳೆ. ಹೋದ ವರ್ಷ, ಕನ್ನಡ ನಾಡೆಲ್ಲ ಒಂದಾಗುತ್ತದೆ ಎಂದು ದೊಡ್ಡವರೆಲ್ಲ ಭಾಷಣ ಮಾಡುತ್ತಿದ್ದ ಕಾಲಕ್ಕೆ, ಅವಳು ಒಲೆಯ ಮುಂದೆ ಕೂತು "ರೊಟ್ಟಿ ಉಬ್ಬುವುದು ಏಕೆ" ಎಂದು ಒಂದು ಲೇಖನ ಬರೆದಳು. ಹೈಸ್ಕೂಲು, ಕಾಲೇಜಿನ ಹುಡುಗರು ಆ ಪತ್ರಿಕೆಯನ್ನು ಆಗಷ್ಟೇ ಶುರು ಮಾಡಿದ್ದರು. ಅಚ್ಚು ಹಾಕಿದರು, ಆಮೇಲೆ ತಂಡಕ್ಕೆ ಬಾ ಎಂದು ಕರೆದರು. ಸಂಬಳವಿಲ್ಲ, ಸಾರಿಗೆ ಇಲ್ಲ. ಬಂದ ಲೇಖನ ಓದಬೇಕು, ಅಚ್ಚಿನ ಕರಡು ತಿದ್ದಬೇಕು, ಪತ್ರಿಕೆ ಮಡಚಿ ವಿಳಾಸ ಬರೆದು ಚೀಟಿ ಅಂಟಿಸಬೇಕು. ಇದನ್ನೆಲ್ಲ ಅವರು ಬೆಟಗೇರಿಯ ಒಂದು ಛಾಪಖಾನೆಯ ಹಿಂದಿನ ಖೋಲಿಯಲ್ಲಿ ಮಾಡುತ್ತಿದ್ದರು.

"ಛಾಪಖಾನಿಗೆ ನಮ್ಮ ಮನಿ ಹೆಣ್ಣುಹುಡಿಗಿ ಹೋಗೂದಿಲ್ಲ" ಎಂದ ಮೈದುನ.

"ಆತು, ಹೋಗೂದಿಲ್ಲ. ಛಾಪಖಾನಿನ ಮನಿಗೆ ಬರ್ತೈತಿ" ಎಂದೆ.

ಮುಂದಿನ ರವಿವಾರದಿಂದ ಹುಡುಗರೆಲ್ಲ ನಮ್ಮ ಪಡಸಾಲೆಗೆ ಬರಲು ಶುರು ಮಾಡಿದರು. ನಾನು ಕಂಬಕ್ಕೆ ಒರಗಿ ಕಾವಲು ಕೂತೆ. ಕೈ ಸುಮ್ಮನಿರಬಾರದೆಂದು ಅಂಟು ಕುದಿಸಿಕೊಟ್ಟೆ, ಚೀಟಿ ಅಂಟಿಸಿದೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನ್ರೀ ಅಕ್ಕಾರ, ನಿಮ್ಮ ಮನಿಗೆ ವಾರಾ ವಾರಾ ವರಗೋಳು ಕನ್ಯಾ ನೋಡಾಕ ಬರಾಕತ್ತಾರಲ್ಲ?" ಎಂದಳು. "ಹೌದ್ರೀ, ಒಂದ ಹುಡಿಗಿಗೆ ಏಳ ವರಾ. ನಿಮಗೂ ಒಂದ ಬೇಕೇನ?" ಎಂದೆ. ಆಮೇಲೆ ಎಷ್ಟೋ ದಿನ ಅವಳ ತಲೆ ಗೋಡೆಯ ಮೇಲೆ ಕಾಣಲಿಲ್ಲ.

ಆ ಹುಡುಗರಲ್ಲಿ ಒಂದು ರೂಢಿ ಇತ್ತು. ಯಾವ ಲೇಖನವನ್ನಾದರೂ ಅಚ್ಚಿಗೆ ಕೊಡುವ ಮುನ್ನ, ಹೆಚ್ಚು ಓದು ಬರಹ ಇಲ್ಲದವರೊಬ್ಬರ ಮುಂದೆ ಕೂತು ಗಟ್ಟಿಯಾಗಿ ಓದಬೇಕು. ಅವರು "ತಿಳೀತು" ಎಂದರೆ ಅಚ್ಚಿಗೆ. "ತಿಳೀಲಿಲ್ಲ" ಎಂದರೆ ಬರೆದವನಿಗೆ ವಾಪಸು. ಇದಕ್ಕೆ ಸಂಪಾದಕನಿಗೂ ವಿನಾಯಿತಿ ಇಲ್ಲ. ಮೊದಲು ಯಾರೋ ಚಹಾದಂಗಡಿಯವನ ಮುಂದೆ ಓದುತ್ತಿದ್ದರಂತೆ; ಅವನು ಗಿರಾಕಿ ಕೆಡಬಾರದೆಂದು ಎಲ್ಲದಕ್ಕೂ ತಿಳೀತು ತಿಳೀತು ಎನ್ನುತ್ತಿದ್ದ. ನಮ್ಮ ಮನೆಗೆ ಬಂದ ಮೇಲೆ ಆ ಕೆಲಸ ನನಗೆ ಬಂತು. ನನಗೆ ಯಾವ ಗಿರಾಕಿಯ ಹಂಗಿದೆ?

ಸಂಪಾದಕನಾಗಿದ್ದವನು ಒಬ್ಬ ಕನ್ನಡಕದ ಹುಡುಗ. ಬುದ್ಧಿವಂತ, ಇಲ್ಲವೆನ್ನುವುದಿಲ್ಲ. ಆದರೆ ತಾನು ಬುದ್ಧಿವಂತ ಎನ್ನುವುದು ಅವನಿಗೆ ಮೊದಲೇ ಗೊತ್ತಾಗಿಬಿಟ್ಟಿತ್ತು.

"ಬೆಳಕು ನೀರಿನೊಳಗ ವಕ್ರೀಭವನ ಹೊಂದತೈತಿ" ಎಂದು ಓದಿದ ಒಮ್ಮೆ.

"ಹೊಂದಲಿ. ಹಂಗಂದ್ರ ಏನ?"

"ಹಂಗಂದ್ರ… ಬಾಗತೈತಿ, ಆಯಿ."

"ಬಾಗತೈತಿ ಅಂತ ಬರಿ. ಅಷ್ಟ ಬರ್ಯಾಕ ನಿನ್ನ ಸೊಂಟ ನೋಯತೈತೇನ?"

ಮೊಮ್ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನು ಅದನ್ನು ನೋಡಿದ. ಅಂದಿನಿಂದ ನಮ್ಮಿಬ್ಬರ ಮೇಲೂ ಹಲ್ಲು ಮಸೆಯತೊಡಗಿದ.

ಈಗ ಜಗಳದ ಮೂಲಕ್ಕೆ ಬರುತ್ತೇನೆ. ಹಿಂಗಾರಿ ಬಿತ್ತುವ ಮುಂಚೆ ಕನ್ನಡಕದವನು ಒಂದು ಪ್ರಯೋಗ ಹೂಡಿದ. ನಾಲ್ಕು ಸೀಮೆಯ ಮಣ್ಣಿನಲ್ಲಿ ಯಾವುದು ಹೆಚ್ಚು ಬೆಳೆ ಕೊಡುತ್ತದೆ ನೋಡಬೇಕು. ಒಂದೇ ಚೀಲದ ಜೋಳದ ಬೀಜ ನಾಲ್ಕೂ ಕಡೆಯ ಓದುಗರಿಗೆ ಕಳಿಸಬೇಕು. ಜೊತೆಗೆ ಒಂದೇ ಅಳತೆಯ ಹಗ್ಗ. ಹಗ್ಗ ನಾಲ್ಕು ಮೂಲೆಗೆ ಹಿಡಿದು, ಅದರ ಒಳಗಿನ ನೆಲದಲ್ಲಿ ಆ ಬೀಜವನ್ನೇ ಬಿತ್ತಿ, ಸುಗ್ಗಿಯಲ್ಲಿ ಎಷ್ಟು ಸೇರು ಬಂತೆಂದು ಕಾರ್ಡು ಬರೆಯಬೇಕು. ಸೇರು ಎಂದರೆ ಕಾಳು ಅಳೆಯುವ ಡಬ್ಬಿ. ನಮ್ಮ ಕಡೆ ಸೇರಿಲ್ಲದ ಮನೆ ಇಲ್ಲ. ಹಗ್ಗ ಕತ್ತರಿಸುವುದು ನಮ್ಮ ಅಂಗಳದಲ್ಲೇ ಆಯಿತು. ಒಂದು ತುದಿ ನನ್ನ ಕೈಯಲ್ಲಿ, ಒಂದು ತುದಿ ಮೊಮ್ಮಗಳ ಕೈಯಲ್ಲಿ. ಕೂದಲೆಳೆ ಹೆಚ್ಚು ಕಡಿಮೆ ಆಗಬಾರದೆಂದು ಕನ್ನಡಕದವನು ನೆಲಕ್ಕೆ ಮೂಗು ಹಚ್ಚಿ ನೋಡಿದ್ದೇ ನೋಡಿದ್ದು.

ಗದಗ ತಾಲೂಕಿನ ಹಿರೇಹಂದಿಗೋಳದ ಒಬ್ಬ, ಲಕ್ಷ್ಮೇಶ್ವರದ ಒಬ್ಬ, ಶಿರಹಟ್ಟಿ ಕಡೆಯ ಬೆಳ್ಳಟ್ಟಿಯ ಒಬ್ಬ, ಮುಂಡರಗಿ ಕಡೆ ಹೊಳೆದಂಡೆಯ ಹಮ್ಮಿಗಿಯ ಒಬ್ಬ, ಹೀಗೆ ನಾಲ್ವರು ಒಪ್ಪಿದರು. ರಾಜ್ಯ ಒಂದಾಯಿತೆಂದು ಊರೆಲ್ಲ ತೋರಣ ಕಟ್ಟಿ ಶಾಲೆ ಮಕ್ಕಳಿಗೆ ಪೇಢೆ ಹಂಚಿದ ದಿನ ಆ ಜೋಳ ಗೇಣುದ್ದ ಬೆಳೆದಿತ್ತಂತೆ. ಸುಗ್ಗಿ ಮುಗಿಯಿತು, ಕಾರ್ಡುಗಳು ಬಂದವು. ಲೇಖನ ಬರೆಯುವ ಕೆಲಸವನ್ನು ಮೊಮ್ಮಗಳಿಗೆ ವಹಿಸಿದರು. ಅವಳು ಬರೆದು ನನ್ನ ಮುಂದೆ ಓದಿದಳು. ಹಮ್ಮಿಗಿ ಮೊದಲು, ಹಿರೇಹಂದಿಗೋಳ ಎರಡನೆಯದು, ಲಕ್ಷ್ಮೇಶ್ವರ ಅದರ ಕೆಳಗೆ, ಬೆಳ್ಳಟ್ಟಿ ಎಲ್ಲಕ್ಕಿಂತ ಕಡೆಗೆ. ತಿಳೀತು ಎಂದೆ. ತಿಳಿದೇ ಇತ್ತು, ಸುಳ್ಳೇಕೆ ಹೇಳಲಿ? ಅಚ್ಚಾಯಿತು. ಅವಳ ಲೇಖನ ಮೊದಲ ಪುಟದಲ್ಲಿ.

ಪತ್ರಿಕೆ ಟಪಾಲಿಗೆ ಬಿದ್ದು ವಾರ ತುಂಬುವುದರೊಳಗೆ ಬೆಳ್ಳಟ್ಟಿಯ ಯಜಮಾನ ನಮ್ಮ ಬಾಗಿಲಿಗೆ ಬಂದು ನಿಂತ. ದೊಡ್ಡ ಹೊಲಗಾರ. ರುಮಾಲು ಸುತ್ತಿದ ತಲೆ, ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ. ಅದನ್ನು ಬಡಿಗೆಯ ಹಾಗೆ ಹಿಡಿದಿದ್ದ.

"ಯಾರ್ರೀ ಇದನ್ನ ಬರದವರು? ಹೊರಗ ಬರ್ರಿ!"

ಮೊಮ್ಮಗಳು ಹೊರಗೆ ಬಂದಳು. ಅವನು ಅವಳ ಹಿಂದೆ ನೋಡಿದ, ಮತ್ತೆ ಯಾರಾದರೂ ಬರುತ್ತಾರೇನೋ ಎಂದು.

"ನಾನ ಬರದದ್ರಿ" ಎಂದಳು.

"ನೀನ? ಎಂಥಾ ಹೊಲಾ ನೋಡಿಯವಾ ನೀನು? ನಮ್ಮ ಎರಿ ಹೊಲಾ ಮುತ್ತಜ್ಜನ ಕಾಲದಿಂದ ಬಂಗಾರ ಬೆಳದೈತಿ. ನೀ ಅದನ್ನ ಎಲ್ಲಾರಗಿಂತ ಕಡೀಗೆ ಹಾಕೀದಿ! ನನ್ನ ಮಗನಿಗೆ ಹೆಣ್ಣ ಕೊಡಾಕ ಒಪ್ಪಿದ್ದ ಬೀಗರು, ಈ ಕಾಗದಾ ಓದಿ, ನಿಮ್ಮ ಹೊಲದಾಗ ಏನೂ ಬೆಳ್ಯೂದಿಲ್ಲಂತ, ವಿಚಾರ ಮಾಡ್ತೇವಿ ಅಂತ ಹೇಳಿ ಕಳಿಸ್ಯಾರ. ವಿಚಾರ! ನಮ್ಮ ಮನೆತನದ ಮ್ಯಾಲ ವಿಚಾರ!"

"ನೀವು ಕಾರ್ಡಿನ್ಯಾಗ ಬರದಷ್ಟ ಸೇರು ಹಾಕೇನ್ರಿ. ಒಂದೂ ಕಡಿಮಿ ಮಾಡಿಲ್ಲ."

"ನಂದು ಕಡಿಮಿ ಮಾಡಿಲ್ಲ, ಖರೆ. ನಿಮ್ಮೂರಿಂದು ಕೂಡಿಸಿ ಹೆಚ್ಚ ಮಾಡೀರಿ! ಗದಗಿನವರಲಾ ನೀವು!"

ಅಷ್ಟರಲ್ಲಿ ಖಬರು ಮುಟ್ಟಿ ನನ್ನ ಮೈದುನ ಅಂಗಡಿಯಿಂದ ಓಡಿ ಬಂದ. ಬೆಳ್ಳಟ್ಟಿಯ ಯಜಮಾನ ವರ್ಷ ವರ್ಷವೂ ಅವನ ಅಂಗಡಿಗೇ ಕಾಳಿನ ಗಾಡಿ ಹೊಡೆಯುವವನು. ಮೈದುನ ಶಲ್ಯ ತೆಗೆದು ಅವನ ಕಾಲ ಬುಡಕ್ಕೆ ಹಾಸುವುದೊಂದು ಬಾಕಿ. ಕೈ ಮುಗಿದ, ಕೂಡ್ರಿಸಿದ, ಚಹಾ ತರಿಸಿದ. ಆಮೇಲೆ ಎಲ್ಲರ ಎದುರಿಗೆ ಮೊಮ್ಮಗಳ ಕಡೆ ಬೆರಳು ತೋರಿಸಿ ಹೇಳಿದ:

"ಹುಡಿಗಿ ಕಡಿಂದ ತಪ್ಪಾಗೇತಿ. ಇವತ್ತಿಗೆ ಪತ್ರಿಕಿನೂ ಸಾಕು, ಸಾಲಿನೂ ಸಾಕು. ಒಂದು ಸಂಬಂಧ ನೋಡಿಟ್ಟೇನಿ. ಈ ತಿಂಗಳು ಮುಗ್ಯೂದರಾಗ ಮಾತು ಮುಗಸ್ತೇನಿ."

ನನ್ನ ಮಗ ಗೋಡೆ ನೋಡುತ್ತ ನಿಂತಿದ್ದ. ಮೊಮ್ಮಗಳು, "ಏನ ತಪ್ಪಾಗೇತಿ ಅಂತ ಹೇಳ್ರಿ ಸಣ್ಣಜ್ಜಾ. ತಿಳೀದ ಹೆಂಗ ಒಪ್ಪಲಿ?" ಎಂದಳು. ಅವನು ಎಲೆ ಅಡಿಕೆಯ ಚೀಲ ಬಿಚ್ಚಿದ. ಎಲೆಗೆ ಸುಣ್ಣ ಹಚ್ಚಿದ.

ಆ ವಾರ ನಾನು ಅವನ ಜೊತೆ ಮಾತು ಬಿಟ್ಟೆ. ಅಂದರೆ ಒಳ್ಳೆಯ ಮಾತು ಬಿಟ್ಟೆ. ಪತ್ರಿಕೆಯಿಂದ ಹೆಸರು ಹೋಗುವುದು ಒಂದು. ಅದರ ಬೆನ್ನಿಗೆ ಶಾಲೆ ಹೋಗುವುದು, ಯಾವುದೋ ಮನೆಯ ಒಲೆಯ ಮುಂದೆ ಅವಳನ್ನು ಕೂಡಿಸುವುದು. ಅವಳು ಊಟ ಬಿಟ್ಟಳು. ರಾತ್ರಿ ಹಗಲು ಆ ನಾಲ್ಕು ಕಾರ್ಡು ಮುಂದಿಟ್ಟುಕೊಂಡು ಕೂತಿರುತ್ತಿದ್ದಳು. ಕೂಡಿಸಿದ್ದು ಸರಿ, ಕಳೆದದ್ದು ಸರಿ, ಬರೆದದ್ದು ಸರಿ. ತಪ್ಪು ಎಲ್ಲಿ?

ರವಿವಾರ ಕನ್ನಡಕದವನು ತಂಡ ಕಟ್ಟಿಕೊಂಡು ಬಂದ. ಅವನಿಗೂ ಲಕ್ಷ್ಮೇಶ್ವರದಿಂದ ಬೈಗುಳದ ಪತ್ರಗಳು ಬಂದಿದ್ದವು. ಜೇಬಿನಿಂದ ಒಂದು ಚೀಟಿ ತೆಗೆದ. ಮುಂದಿನ ಸಂಚಿಕೆಯಲ್ಲಿ ಹಾಕಲು ಬರೆದುಕೊಂಡು ಬಂದದ್ದು. ರೂಢಿಯ ಪ್ರಕಾರ ನನ್ನ ಮುಂದೆ ಓದಲೇಬೇಕಲ್ಲ, ಓದಿದ.

"ಕಳೆದ ಸಂಚಿಕೆಯ ಲೇಖನದಲ್ಲಿ ಲೇಖಕಿಯ ಅಜಾಗರೂಕತೆಯಿಂದ ದೋಷಗಳು ನುಸುಳಿವೆ. ಲೇಖಕಿಯನ್ನು ತಂಡದಿಂದ ಕೈಬಿಡಲಾಗಿದೆ. ಓದುಗರು ಕ್ಷಮಿಸಬೇಕು."

"ತಿಳೀಲಿಲ್ಲ" ಎಂದೆ.

"ಆಯಿ, ಅಜಾಗರೂಕತಿ ಅಂದ್ರ ಲಕ್ಷ್ಯ ಕೊಡದ…"

"ಅದು ತಿಳೀತು. ದೋಷ ಅಂತ ಬರದೀಯಲ್ಲ, ಯಾವ ದೋಷ?"

"ಅದು… ಇನ್ನೂ ಗೊತ್ತಾಗಿಲ್ಲ."

"ಹಂಗಾರ ನನಗ ತಿಳೀಲಿಲ್ಲ."

ಅವನು ಮತ್ತೆ ಓದಿದ. ತಿಳೀಲಿಲ್ಲ. ನಿಧಾನಕ್ಕೆ ಓದಿದ. ತಿಳೀಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ನೀವು ಬೇಕಂತ ಮಾಡಾಕತ್ತೀರಿ!" ಎಂದ. "ಹೌದಪಾ, ಬೇಕಂತ ಮಾಡಾಕತ್ತೇನಿ. ನಿಮ್ಮ ರೂಢಿ ಒಳಗ, ಬೇಕಂತ ತಿಳೀದವರಿಗೆ ಬ್ಯಾರೆ ಕಾಯ್ದೆ ಐತೇನು?" ಎಂದೆ. ಹುಡುಗರಲ್ಲಿ ಒಬ್ಬ ಕುಳ್ಳನಿದ್ದ, ಅವನು ಕಿಸಕ್ಕೆಂದು ನಕ್ಕ. "ಲೇ, ರೂಢಿ ಅಂದ್ರ ರೂಢಿ. ಆಯಿ ಪಾಸ್ ಮಾಡದ ಅಚ್ಚಿಗೆ ಹ್ವಾದ್ರ ನಾ ಚೀಟಿ ಹಚ್ಚೂದಿಲ್ಲ ನೋಡಲೇ" ಎಂದ. ಕನ್ನಡಕದವನು ಚೀಟಿ ಜೇಬಿಗಿಟ್ಟುಕೊಂಡು ಹೋದ. ಆದರೆ ಒಂದು ವಾರವಷ್ಟೇ ಸಿಕ್ಕಿತು ಎನ್ನುವುದು ನನಗೂ ಗೊತ್ತಿತ್ತು. ಕಾಯ್ದೆ ಬದಲಿಸುವುದು ಅವನಿಗೆ ಎಷ್ಟು ಹೊತ್ತಿನ ಕೆಲಸ?

ಆ ವಾರವೇ ಸೊಸೆಗೆ ಜ್ವರ ಬಂತು. ಮೈದುನನ ಬುತ್ತಿ ಅಂಗಡಿಗೆ ಮುಟ್ಟಿಸಲು ನಾನೇ ಹೊರಟೆ, ಮೊಮ್ಮಗಳು ಜೊತೆಗೆ ಬಂದಳು. ಬುತ್ತಿಯಲ್ಲಿ ಖಾರ ಸ್ವಲ್ಪ ಹೆಚ್ಚೇ ಹಾಕಿದ್ದೆ. ನಾವು ಹೋದ ಹೊತ್ತಿಗೆ ಅಂಗಡಿಯ ಮುಂದೆ ಶಿರಹಟ್ಟಿ ಕಡೆಯ ಒಂದು ಗಾಡಿ ಬಂದು ನಿಂತಿತ್ತು. ಆಳುಮನುಷ್ಯ ಜೋಳದ ರಾಶಿಯ ಮುಂದೆ ಕೂತು ಸೇರು ಕೈಗೆತ್ತಿಕೊಂಡ. ಗಾದಿಯ ಮೇಲಿಂದ ಮೈದುನ ಕೂಗಿದ:

"ಅದಲ್ಲಲೇ! ಸಂಸ್ಥಾನದ ಸೇರು ತಗೋ!"

ಆಳು ಎದ್ದು ಹೋಗಿ ಗೋಡೆಯ ಮೊಳೆಗೆ ತೂಗುಹಾಕಿದ್ದ ಬೇರೆ ಸೇರು ತಂದ. ಅಲ್ಲಿ ಇನ್ನೂ ಎರಡು ತೂಗುತ್ತಿದ್ದವು. ನಾನು ಬುತ್ತಿಯ ಗಂಟು ಬಿಚ್ಚುತ್ತಿದ್ದೆ, ನನಗೇನೂ ಹೊಳೆಯಲಿಲ್ಲ. ಮೊಮ್ಮಗಳು ಮಾತ್ರ ನಿಂತಲ್ಲೇ ನಿಂತಳು.

"ಸಣ್ಣಜ್ಜಾ, ಆ ಸೇರು ಯಾಕ ಬ್ಯಾರೆ?"

"ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲಾ ಮದ್ಲ ರಾಜರ ಊರು. ಅವರವರ ಸೇರು ಅವರವರಿಗೆ. ಸ್ವಾತಂತ್ರ್ಯ ಬಂತು, ರಾಜರು ಹೋದ್ರು. ಸೇರು ಎಲ್ಲಿ ಹೋಗತಾವ?"

"ನಮ್ಮ ಸೇರಿಗಿಂತ ದೊಡ್ಡದೇನ್ರಿ?"

"ದೊಡ್ಡದು. ಹೊಳಿ ಕಡೀದು ಸಣ್ಣದು."

"ನಿಮಗ ಇದು ಗೊತ್ತಿತ್ತಾ?"

"ಗೊತ್ತಿರಲಾರದ ಈ ಅಂಗಡಿ ನಡಸಾಕ ಬರತೈತೇನು?"

"ಮತ್ತ ಆವತ್ತ ಬೆಳ್ಳಟ್ಟಿಯವರು ನಮ್ಮ ಮನ್ಯಾಗ ಬಂದು ಕುಂತಾಗ…"

ಅವನು ರೊಟ್ಟಿ ಮುರಿದ. "ನೀ ಕೇಳಿದ್ದೇನು ನನ್ನ? ನೀವು ವಿಜ್ಞಾನದವರು. ನಾವು ಕಾಳ ಮಾರೋವ್ರು. ಓದಿ ಶ್ಯಾಣ್ಯಾ ಆದವ್ರಿಗೆ ನಾ ಏನ ಹೇಳ್ಲಿ?"

ಸುಮ್ಮನಿದ್ದದ್ದಕ್ಕೆ ಕಾರಣ ಅವನ ಮುಖದಲ್ಲೇ ಇತ್ತು. ಹುಡುಗಿ ತಲೆ ತಗ್ಗಿಸಲಿ, ಶಾಲೆ ಬಿಡಲಿ, ತಾನು ನೋಡಿಟ್ಟ ಮನೆಗೆ ಹೋಗಲಿ. ಒಂದು ಮಾತು ಆಡಿದ್ದರೆ ಆವತ್ತೇ ಮುಗಿಯುತ್ತಿತ್ತು. ನಾನು ಆ ಪೇಟೆಯ ನಡುವೆ ನಿಂತು ಅವನಿಗೆ ಏನೇನು ಅಂದೆನೋ ಎಲ್ಲ ಇಲ್ಲಿ ಬರೆಯಲಾರೆ; ಬರೆದರೆ ಮೊಮ್ಮಗಳು ತಿದ್ದಿಬಿಡುತ್ತಾಳೆ. ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು. "ವೈನಿ, ಜನಾ ನೋಡಾಕತ್ತಾರ" ಎಂದ. "ನೋಡಲಿ! ಸ್ವಂತ ಮೊಮ್ಮಗಳ ಕಣ್ಣಾಗ ಮಣ್ಣ ಹಾಕಿದ ಮುಖಾ ಹೆಂಗ ಇರತೈತಿ ಅಂತ ನೋಡಲಿ!" ಎಂದೆ. ಮೊಮ್ಮಗಳು ನನ್ನ ಕೈ ಹಿಡಿದು ಎಳೆದಳು. ಅವಳಿಗೆ ಸಿಟ್ಟಿಗೆ ಪುರಸೊತ್ತಿರಲಿಲ್ಲ. ಮನೆಗೆ ಬಂದವಳೇ ನಾಲ್ಕು ಕಾರ್ಡು ಬರೆದಳು. ಬರುವ ರವಿವಾರ ನಿಮ್ಮ ಮನೆಯ ಸೇರು ತೆಗೆದುಕೊಂಡು ಬರಬೇಕು. ಅಷ್ಟೇ.

ನಾಲ್ವರೂ ಬಂದರು. ಪ್ರೀತಿಯಿಂದ ಬಂದರೆಂದು ತಿಳಿಯಬೇಡಿ; ಜಗಳಕ್ಕೆ ಬಂದರು. ಬೆಳ್ಳಟ್ಟಿಯ ಯಜಮಾನ ಹಿತ್ತಾಳೆಯ ಸೇರನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಲಕ್ಷ್ಮೇಶ್ವರದವನು ಒಳಗೆ ಬರದೆ ಕಟ್ಟೆಯ ಮೇಲೇ ಕೂತ. ಹಮ್ಮಿಗಿಯವನಿಗೆ ತಾನು ಮೊದಲು ಬಂದದ್ದರ ಹಿಗ್ಗು ಇನ್ನೂ ಇಳಿದಿರಲಿಲ್ಲ. ಹಿರೇಹಂದಿಗೋಳದವನು ನಾನ್ಯಾಕೆ ಬರಬೇಕಿತ್ತು ಎಂದು ಗೊಣಗುತ್ತಿದ್ದ. ಹುಡುಗರೆಲ್ಲ ಇದ್ದರು. ಮೈದುನನೂ ಬಂದು ಬಾಗಿಲಲ್ಲಿ ನಿಂತ. ಬೆಳ್ಳಟ್ಟಿಯವನು ಬಂದ ಮೇಲೆ ಅವನು ಬಾರದೆ ಇರುವಂತಿರಲಿಲ್ಲ.

ಮೊಮ್ಮಗಳು ಪಡಸಾಲೆಯ ನಡುವೆ ಕಂಬಳಿ ಹಾಸಿದಳು. ನಮ್ಮ ಮನೆಯ ಸೇರು ನಡುವೆ ಇಟ್ಟಳು. ಬೆಳ್ಳಟ್ಟಿಯವನ ಕೈಗೆ ಜೋಳದ ಬುಟ್ಟಿ ಕೊಟ್ಟು, "ನಿಮ್ಮ ಸೇರು ನೀವ ತುಂಬ್ರಿ. ಆಮ್ಯಾಲ ನಾ ಕೈ ಹಚ್ಚಿದೆ ಅಂತ ಅನಬಾರದು" ಎಂದಳು. ಅವನು ತುಂಬಿ ಬಾಯಿಮಟ ಸವರಿದ. "ಈಗ ಅದನ್ನ ನಮ್ಮ ಸೇರಿಗೆ ಸುರೀರಿ."

ಸುರಿದ. ನಮ್ಮ ಸೇರು ತುಂಬಿತು. ಅವನ ಸೇರಿನಲ್ಲಿ ಇನ್ನೂ ಕಾಳಿತ್ತು. ಅವನು ಸುರಿಯುತ್ತಲೇ ಇದ್ದ. ಜೋಳ ಅಂಚು ದಾಟಿ ಕಂಬಳಿಯ ಮೇಲೆ ಚೆಲ್ಲಿತು. ಅವನು ಕೈಯಲ್ಲಿನ ಬರಿದು ಸೇರನ್ನು ನೋಡಿದ, ನೆಲದ ಮೇಲಿನ ಜೋಳ ನೋಡಿದ.

"ಯಪ್ಪಾ!" ಎಂದ ಕುಳ್ಳ ಹುಡುಗ. "ಹಗ್ಗ ಒಂದ ಕಳಿಸಿದ್ವಿ, ಬೀಜಾ ಒಂದ ಕಳಿಸಿದ್ವಿ. ಸೇರು?"

ಲಕ್ಷ್ಮೇಶ್ವರದವನು ಕಟ್ಟೆಯಿಂದ ಇಳಿದು ಬಂದ. ಅವನದೂ ಚೆಲ್ಲಿತು. ಹಮ್ಮಿಗಿಯವನದು ಸುರಿದರೆ ನಮ್ಮ ಸೇರು ತುಂಬಲಿಲ್ಲ. ಹಿರೇಹಂದಿಗೋಳದವನದು ಮಾತ್ರ ನಮ್ಮದಕ್ಕೆ ಸರಿಸಮ ಬಂತು. ಮೊಮ್ಮಗಳು ಕೂತು ಎಲ್ಲ ಕಾರ್ಡುಗಳನ್ನೂ ನಮ್ಮ ಸೇರಿನ ಲೆಕ್ಕಕ್ಕೆ ತಂದಳು. ಬೆಳ್ಳಟ್ಟಿ ಎಲ್ಲರಿಗಿಂತ ಮೇಲೆ, ಲಕ್ಷ್ಮೇಶ್ವರ ಅದರ ಬೆನ್ನಿಗೇ. ಹಿರೇಹಂದಿಗೋಳ, ಹಮ್ಮಿಗಿ ಕೆಳಗೆ, ಒಂದಕ್ಕೊಂದು ಅಂಟಿಕೊಂಡು.

ಬೆಳ್ಳಟ್ಟಿಯ ಯಜಮಾನನ ರುಮಾಲು ಒಮ್ಮೆಲೇ ಗೇಣು ಎತ್ತರವಾಯಿತು. ಹಿರೇಹಂದಿಗೋಳದವನು ಎದ್ದು ನಿಂತ.

"ಇದು ಯಾವ ನ್ಯಾಯರೀ? ಮದ್ಲ ಬರದದ್ದ ಬರೋಬ್ಬರಿ ಇತ್ತು!"

"ಕುಂಡ್ರೋ ಮಾರಾಯಾ" ಎಂದ ಬೆಳ್ಳಟ್ಟಿಯವನು. "ಮದ್ಲ ನಾ ಒದರಿದೆ, ಈಗ ನೀ ಒದರು. ಪಾಳಿ ನಿಂದು."

ಹಮ್ಮಿಗಿಯವನು ಮಾತ್ರ, "ನಮಗೇನ್ರಿ, ಹೊಳ್ಯಾಗ ನೀರು ಐತಿ" ಎಂದು ತನ್ನ ಸಣ್ಣ ಸೇರನ್ನು ಚೀಲಕ್ಕೆ ಹಾಕಿಕೊಂಡ.

ಆಮೇಲೆ ಬೆಳ್ಳಟ್ಟಿಯವನು ಬಾಗಿಲ ಕಡೆ ತಿರುಗಿ ನನ್ನ ಮೈದುನನನ್ನು ಕೇಳಿದ: "ಏನ್ರೀ ಸಾಹುಕಾರ್ರ, ನಾ ನಿಮ್ಮ ಅಂಗಡಿಗೆ ಎಷ್ಟ ವರ್ಸಾತು ಕಾಳು ಹಾಕಾಕತ್ತು? ಈ ಸೇರಿನ ಮಾತು ಆವತ್ತ ನಿಮಗ ನೆನಪಾಗಲಿಲ್ಲ?"

ಮೈದುನನ ಬಾಯಲ್ಲಿ ಎಲೆ ಅಡಿಕೆ ಇತ್ತು. ಅದೇ ಅವನ ಪುಣ್ಯ.

"ಈ ಹುಡಿಗಿ ಸಾಲಿ ಬಿಡಸ್ತೇನಿ ಅಂದಿದ್ರಿ. ಬಿಡಸಬ್ಯಾಡ್ರಿ. ಇಕಿ ಬರದದ್ದನ್ನ ಮತ್ತ ಅಚ್ಚ ಹಾಕಬೇಕು, ನಾ ಅದನ್ನ ಒಯ್ದು ಬೀಗರ ಮುಖದ ಮುಂದ ಹಿಡೀಬೇಕು. ಮತ್ತ ಮುಂದಿನ ಸುಗ್ಗಿಗೆ ಅಳ್ಯಾಕ ಯಾರ ಬರ್ತಾರ, ನೀವು?"

"ಹಂಗೇನಿಲ್ರಿ… ಸಾಲಿ ಓದಲಿ… ನಾ ಬ್ಯಾಡ ಅಂದೇನೇನು?" ಎಂದ ಮೈದುನ. ನಾಲ್ಕು ಊರಿನ ಜನ ಕೇಳಿದರು. ಅವನು ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ಆದರೆ ಜಗಳ ಮುಗಿಯಲಿಲ್ಲ. ಹುಡುಗರ ತಂಡದಲ್ಲಿ ಇನ್ನೊಂದು ಕಟ್ಟಳೆ ಇತ್ತು: ಅಚ್ಚಾದ ಸಂಚಿಕೆಯಲ್ಲಿ ದೊಡ್ಡ ತಪ್ಪು ಹಿಡಿದವರೇ, ತಂಡ ಕೈ ಎತ್ತಿ ಒಪ್ಪಿದರೆ, ಮುಂದಿನ ಸಂಚಿಕೆಯ ಸಂಪಾದಕರು. ಕುಳ್ಳ ಹುಡುಗ ಅದನ್ನು ನೆನಪಿಸಿದ. ಕನ್ನಡಕದವನು ಸಿಡಿದುಬಿದ್ದ.

"ತನ್ನ ತಪ್ಪು ತಾನ ಹಿಡದ್ರ ಲೆಕ್ಕಕ್ಕ ಬರತೈತೇನಲೇ? ಹಂಗಾದ್ರ ಎಲ್ಲಾರೂ ಬೇಕಂತ ತಪ್ಪು ಬರದು, ತಾವ ಹಿಡದು, ಸಂಪಾದಕರಾಗ್ತಾರ!"

ಮೊಮ್ಮಗಳು ಕಂಬಳಿಯ ಮೇಲಿನ ಜೋಳ ಬಳಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಲೇಖನ ನಂದು. ಬರದದ್ದು ಕಾರ್ಡಿನ ಪ್ರಕಾರ ಐತಿ" ಎಂದಳು. "ಹಗ್ಗಾ ಒಂದ ಇರಬೇಕು, ಬೀಜಾ ಒಂದ ಇರಬೇಕು ಅಂತ ಪ್ರಯೋಗ ಹೂಡಿದವರು ಯಾರು? ಹಗ್ಗದ ಮ್ಯಾಲ ಮೂಗ ಹಚ್ಚಿ ನೋಡಿದವರು ಯಾರು? ಸೇರು ಒಂದ ಇರಬೇಕು ಅನ್ನೂದನ್ನ ಮರತವರು ಯಾರು? ನಾ ಹಿಡದದ್ದು ನನ್ನ ತಪ್ಪಲ್ಲ. ನಿಂದು."

ಕನ್ನಡಕದವನ ಕಿವಿ ಕೆಂಪಾದವು. ಜೇಬಿನಿಂದ ಆ ಹಳೆಯ ಚೀಟಿ ತೆಗೆದು, ಅದರಲ್ಲಿ ಲೇಖಕಿ ಎಂದಿದ್ದ ಕಡೆ ಗೀಟು ಹೊಡೆದು, ಸಂಪಾದಕ ಎಂದು ಬರೆದು, ತಂಡದಿಂದ ಕೈಬಿಟ್ಟ ಸಾಲನ್ನು ಅಳಿಸಿ ನನ್ನ ಮುಂದೆ ಓದಿದ. ಯಾವ ತಪ್ಪು ಎಂದೂ ಸೇರಿಸಿದ್ದ. ಇಷ್ಟು ಮಾಡಿದನಲ್ಲ ಎಂದು ಅವನ ಮೇಲೆ ನನಗೆ ಅರೆಪಾವಿನಷ್ಟು ಮರ್ಯಾದೆ ಹುಟ್ಟಿತು. ಅದಕ್ಕಿಂತ ಹೆಚ್ಚಿಲ್ಲ.

"ತಿಳೀತು" ಎಂದೆ.

ಆಮೇಲೆ ಕೈ ಎತ್ತಿದ್ದು. ಅದನ್ನು ಮೊದಲೇ ಬರೆದಿದ್ದೇನೆ.

ಸಂಜೆ ಸೊಸೆ, ನಾನು ಗೋಧಿ ಹುಗ್ಗಿ ಮಾಡಿದೆವು. ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ. ನಮ್ಮ ಮನೆಯಲ್ಲಿ ಗಂಡಸರು ಮೊದಲು ಉಣ್ಣುತ್ತಾರೆ, ಹೆಂಗಸರು ಆಮೇಲೆ. ನಿನ್ನೆ ನಾನು ಎಲ್ಲರ ತಾಟನ್ನೂ ಒಂದೇ ಸಾಲಿಗೆ ಇಟ್ಟೆ. ಮಗ, ಸೊಸೆ, ಮೊಮ್ಮಗಳು, ಕಿರಿಯ ಮೊಮ್ಮಕ್ಕಳು, ತುದಿಗೆ ನಾನು. ಮೈದುನ ಕೈಕಾಲು ತೊಳೆದು ಬಂದು ನಿಂತ. ತನ್ನ ತಾಟಿನ ಪಕ್ಕದಲ್ಲಿ ಮೊಮ್ಮಗಳ ತಾಟು ನೋಡಿದ. ಅವನು ತಿರುಗಿ ಹೋಗುತ್ತಾನೆ ಎಂದುಕೊಂಡೆ, ಹೋದರೆ ಹೋಗಲಿ ಎಂದೂ ಅಂದುಕೊಂಡೆ. ಆದರೆ ಹುಗ್ಗಿಯ ಮೇಲೆ ತುಪ್ಪದ ವಾಸನೆ ಎದ್ದಿತ್ತು. ಕೂತ.

ಪಲ್ಯದ ಸೌಟು ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ನನ್ನ ಮಗ, ಚಿಕ್ಕಪ್ಪನ ಎದುರಿಗೆ ಎಂದೂ ಬಾಯಿ ಬಿಡದ ನನ್ನ ಮಗ, ರೊಟ್ಟಿ ಮುರಿಯುತ್ತ, "ಸಂಪಾದಕರಿಗೆ ಇನ್ನೊಂದ ಚೂರು ಪಲ್ಯಾ ಹಾಕವಾ" ಎಂದ. ಸಣ್ಣ ಹುಡುಗರು ಹೋ ಎಂದು ನಕ್ಕರು. ಸೊಸೆಯ ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿ ಎಂದಳು.

ಮೈದುನ ಹುಗ್ಗಿ ಉಣ್ಣುತ್ತ, ತಾಟಿನಿಂದ ಕಣ್ಣೆತ್ತದೆ ಕೇಳಿದ: "ಮುಂದಿನ ಸಂಚಿಕಿ ಯಾವುದರ ಮ್ಯಾಲ?"

"ತಕ್ಕಡಿ ಮ್ಯಾಲ ಅಂತ ಮಾಡೇನ್ರಿ ಸಣ್ಣಜ್ಜಾ. ಪ್ಯಾಟ್ಯಾಗ ಅಂಗಡಿ ಅಂಗಡಿಗೆ ಹೋಗಿ ನೋಡತೇವಿ" ಎಂದಳು ಮೊಮ್ಮಗಳು.

ಅವನ ಕೈ ಬಾಯಿಯ ಹತ್ತಿರ ನಿಂತಿತು. ನಾನು ಎದ್ದು, ಕೇಳದೆಯೇ ಅವನ ತಾಟಿಗೆ ಇನ್ನೊಂದು ಸೌಟು ಹುಗ್ಗಿ ಬಡಿಸಿದೆ, ಮೇಲೆ ತುಪ್ಪ ಸುರಿದೆ. "ಉಣ್ಣೋ, ಆರತೈತಿ" ಎಂದೆ. ಉಂಡ. ಎಲ್ಲರೂ ಉಂಡೆವು.